ನಿರಾಶ್ರಿತರ ಹೆಸರು, ಶ್ರೀಮಂತರ ಶುಭಸಂದೇಶ

2025ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯವು ರ‍್ಯಾಪ್ ಗಾಯಕ ಪ್ರಾಸ್ ಮಿಶೆಲ್‌ಗೆ 14 ವರ್ಷಗಳ ಸೆರೆವಾಸ ವಿಧಿಸಿತು. ಮಲೇಷಿಯಾದ ಸಾರ್ವಜನಿಕ ನಿಧಿಯನ್ನು ಕೊಳ್ಳೆಹೊಡೆದ ಆರೋಪ ಹೊತ್ತ ಉದ್ಯಮಿಯೊಬ್ಬನ ಹಣವನ್ನು ಅಮೆರಿಕದ ಚುನಾವಣೆಗೆ ಗುಟ್ಟಾಗಿ ಸಾಗಿಸಿದ್ದು, ನೋಂದಣಿ ಮಾಡಿಸದೆ ವಿದೇಶೀ ಹಿತಾಸಕ್ತಿಗಳ ಪರವಾಗಿ ಕೆಲಸ ಮಾಡಿದ್ದು ಮುಂತಾದ ಅಪರಾಧಗಳು ಎರಡು ವರ್ಷಗಳ ಹಿಂದೆಯೇ ಸಾಬೀತಾಗಿದ್ದವು. ಸುದ್ದಿ ಬರೆದವರು ಅವನ ಸಂಗೀತಕ್ಕೆ ಒಂದು ವಾಕ್ಯವನ್ನಷ್ಟೇ ಮೀಸಲಿಟ್ಟರು: ಈತ ಒಂದು ಕಾಲದಲ್ಲಿ ಫ್ಯೂಜೀಸ್ ತಂಡದ ಸದಸ್ಯನಾಗಿದ್ದ. ನಾವು ಈ ಸಂಚಿಕೆಯಲ್ಲಿ ಆ ಒಂದು ವಾಕ್ಯದ ಒಳಗೆ ಹೋಗಲು ಬಯಸುತ್ತೇವೆ. 1998ರ ಅಕ್ಟೋಬರಿನಲ್ಲಿ ಬಂದ ಅವನ ಮೊದಲ ಏಕವ್ಯಕ್ತಿ ಆಲ್ಬಮ್ 'ಗೆಟೊ ಸೂಪರ್‌ಸ್ಟಾರ್' ಅಂದು ಕೇಳುಗರನ್ನು ನಿರಾಶೆಗೊಳಿಸಿತ್ತು. ಅದರಲ್ಲಿ 'ಡರ್ಟಿ ಕ್ಯಾಶ್' ಎಂಬ ಹಾಡೂ ಇರುವುದನ್ನು ತೋರಿಸಿ ಇಂದು ನಗುವುದು ಸುಲಭ. ಆ ನಗೆಯಲ್ಲಿ ನಮಗೆ ಆಸಕ್ತಿಯಿಲ್ಲ. ಸೋತ ಆಲ್ಬಮ್ ಯಾರನ್ನೂ ಅಪರಾಧಿಯನ್ನಾಗಿ ಮಾಡುವುದಿಲ್ಲ. ಆದರೆ ಆ ನಿರಾಶೆಯ ಕಾರಣವನ್ನು ಹುಡುಕುತ್ತ ಹೋದರೆ ವಲಸಿಗರಾದ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತೇವೆ.

ಫ್ಯೂಜೀಸ್ ಎಂಬುದು 'ರೆಫ್ಯೂಜೀಸ್' ಎಂಬ ಪದದ ತುಂಡು. ಅಮೆರಿಕದ ಬೀದಿಗಳಲ್ಲಿ, ಶಾಲೆಗಳ ಅಂಗಳದಲ್ಲಿ ಹೈಟಿಯವರನ್ನು ಹೀಗಳೆಯಲು ಬಳಸುತ್ತಿದ್ದ ಮಾತದು. ಬ್ರೂಕ್ಲಿನ್ನಿನಲ್ಲಿ ಹೈಟಿ ಮೂಲದ ತಂದೆತಾಯಿಗೆ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದ ಪ್ರಾಸ್, ತನ್ನ ಶಾಲೆಯ ಸಹಪಾಠಿ ಲಾರಿನ್ ಹಿಲ್ ಜೊತೆ ಕಟ್ಟಿದ ತಂಡಕ್ಕೆ ಮೊದಲಿದ್ದ ಹೆಸರು 'ಟ್ರಾನ್ಸ್‌ಲೇಟರ್ ಕ್ರೂ', ಅಂದರೆ ಅನುವಾದಕರ ಪಡೆ. ಹೈಟಿಯಲ್ಲೇ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಬಂದ ವೈಕ್ಲೆಫ್ ಜಾನ್ ಬಳಿಕ ಸೇರಿಕೊಂಡ. ಲಾರಿನ್ ಹಿಲ್ ಹೈಟಿಯವಳಲ್ಲ, ಆಫ್ರಿಕನ್ ಅಮೆರಿಕನ್ ಮನೆತನದವಳು. ಆದರೂ ಆ ಬೈಗುಳದ ಹೆಸರಿನಡಿ ಅವಳೂ ನಿಂತಳು. ಬೈಗುಳವನ್ನೇ ಬಾವುಟ ಮಾಡಿಕೊಳ್ಳುವ ಬಗೆ ಕನ್ನಡಿಗರಿಗೆ ಹೊಸದಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟಾಗ ಅದೇ ಕೆಲಸ ಮಾಡಿದ್ದರು.

ಆ ಹೆಸರಿನ ಹಿಂದಿದ್ದ ಅವಮಾನದ ತೂಕವನ್ನು ಅರಿಯದೆ ಮುಂದೆ ಹೋಗಲಾಗದು. ಏಡ್ಸ್ ರೋಗದ ಭೀತಿ ಹರಡಿದ್ದ 1983ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯು ಒಂದು ಇಡೀ ರಾಷ್ಟ್ರೀಯತೆಯನ್ನೇ, ಹೈಟಿಯವರನ್ನು, ಅಪಾಯದ ಗುಂಪಿನ ಪಟ್ಟಿಗೆ ಸೇರಿಸಿತು. 1990ರಲ್ಲಿ ಹೈಟಿಯವರು ರಕ್ತದಾನ ಮಾಡಕೂಡದೆಂಬ ನಿಯಮ ಬಂದಾಗ ಸಹಸ್ರಾರು ಜನ ಬ್ರೂಕ್ಲಿನ್ ಸೇತುವೆ ದಾಟಿ ಮೆರವಣಿಗೆ ನಡೆಸಿದರು. 1991ರಲ್ಲಿ ಹೈಟಿಯ ಚುನಾಯಿತ ಅಧ್ಯಕ್ಷ ಆರಿಸ್ಟೀಡ್‌ರನ್ನು ಸೇನೆ ಪದಚ್ಯುತಗೊಳಿಸಿತು. ಮುರುಕು ದೋಣಿಗಳಲ್ಲಿ ಹೊರಟವರನ್ನು ಅಮೆರಿಕದ ಕರಾವಳಿ ಕಾವಲು ಪಡೆ ನಡುಗಡಲಿನಲ್ಲೇ ತಡೆಯಿತು, ಅನೇಕರನ್ನು ಗ್ವಾಂಟಾನಮೊದಲ್ಲಿ ಕೂಡಿಹಾಕಿತು. 1992ರಲ್ಲಿ ಮೊದಲ ಬುಷ್ ಸರಕಾರವು ವಿಚಾರಣೆಯೇ ಇಲ್ಲದೆ ದೋಣಿಗಳನ್ನು ಹಿಂದಕ್ಕೆ ಅಟ್ಟುವಂತೆ ಆದೇಶಿಸಿತು. ಚುನಾವಣೆಯಲ್ಲಿ ಅದನ್ನು ಖಂಡಿಸಿದ್ದ ಕ್ಲಿಂಟನ್ ಅಧಿಕಾರಕ್ಕೆ ಬಂದ ಮೇಲೆ ಅದನ್ನೇ ಮುಂದುವರಿಸಿದರು. ಇಂಥ ದಿನಗಳಲ್ಲಿ ಮೂವರು ಎಳೆಯರು 'ನಾವು ನಿರಾಶ್ರಿತರು' ಎಂದು ತಾವಾಗಿಯೇ ಹೇಳಿಕೊಂಡು ವೇದಿಕೆ ಹತ್ತಿದರು.

1994ರಲ್ಲಿ ಬಂದ ಅವರ ಮೊದಲ ಆಲ್ಬಮ್ ಹೆಚ್ಚು ಕೇಳುಗರನ್ನು ತಲುಪಲಿಲ್ಲ. 1996ರ 'ದ ಸ್ಕೋರ್' ಮಾತ್ರ ಜಗತ್ತನ್ನೇ ಸುತ್ತಿ ಬಂತು. ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿ, ಮರುವರ್ಷ ಎರಡು ಗ್ರ್ಯಾಮಿ ಪ್ರಶಸ್ತಿಗಳೂ ಸಂದವು. ಅದರಲ್ಲಿ ಪ್ರಾಸ್‌ನದು ಮೂರನೆಯ ದನಿ. ಲಾರಿನ್ ಹಿಲ್‌ಳ ಕಂಠವಾಗಲಿ ವೈಕ್ಲೆಫ್‌ನ ವಾದ್ಯ ಪಾಂಡಿತ್ಯವಾಗಲಿ ಅವನಿಗಿರಲಿಲ್ಲ. ಅವನ ಚರಣಗಳು ಚಿಕ್ಕವು, ದನಿ ಒಂದೇ ಮಟ್ಟದ್ದು. ಆದರೆ ಯಕ್ಷಗಾನ ನೋಡಿದವರಿಗೆ ಗೊತ್ತು, ಮದ್ದಳೆಯವನು ಕುಣಿಯುವುದಿಲ್ಲ, ಪದ ಹೇಳುವುದಿಲ್ಲ, ಆದರೂ ಅವನಿಲ್ಲದೆ ಆಟ ನಿಲ್ಲುವುದಿಲ್ಲ. ಪ್ರಾಸ್ ಅಂಥ ಹಿಮ್ಮೇಳದವನು. ಹೆಸರೇ ಪ್ರಾಸವಾಗಿದ್ದವನ ನಿಜವಾದ ಪ್ರತಿಭೆ ಇದ್ದದ್ದು ಜನರನ್ನು ಕೂಡಿಸುವುದರಲ್ಲಿ. ತಂಡವನ್ನು ಮೊದಲು ಕಟ್ಟಿದವರಲ್ಲಿ ಅವನೂ ಒಬ್ಬನೆಂಬುದನ್ನು ಮರೆತು ಅವನನ್ನು 'ಉಳಿದವನು' ಎಂದು ಕರೆಯುವುದು ರೂಢಿಯಾಯಿತು. ಆ ಮಾತು ಅವನನ್ನು ಚುಚ್ಚಿದ್ದರೆ ಆಶ್ಚರ್ಯವಿಲ್ಲ.

ಬಳಿಕ ಮೂವರೂ ಬೇರೆಬೇರೆ ಹಾದಿ ಹಿಡಿದರು. 1997ರಲ್ಲಿ ವೈಕ್ಲೆಫ್‌ನ 'ದ ಕಾರ್ನಿವಲ್' ಬಂತು. 1998ರ ಆಗಸ್ಟ್‌ನಲ್ಲಿ ಲಾರಿನ್ ಹಿಲ್‌ಳ 'ದ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್' ಬಂದು, ಮರುವರ್ಷ ಐದು ಗ್ರ್ಯಾಮಿಗಳನ್ನು ಗೆದ್ದಿತು. ಅದು ಹೊರಬಂದ ಎರಡು ತಿಂಗಳಿಗೆ ಪ್ರಾಸ್‌ನ ಸರದಿ. ನಿರೀಕ್ಷೆಗೆ ಕಾರಣವೂ ಇತ್ತು. ಆಲ್ಬಮ್ಮಿನ ಶೀರ್ಷಿಕೆಯ ಹಾಡು ಆ ಬೇಸಿಗೆಯಲ್ಲಿ ಅಮೆರಿಕ, ಯುರೋಪುಗಳ ರೇಡಿಯೊಗಳಲ್ಲಿ ತುಂಬಿಹೋಗಿತ್ತು. 1983ರಲ್ಲಿ ಕೆನ್ನಿ ರೋಜರ್ಸ್ ಮತ್ತು ಡಾಲಿ ಪಾರ್ಟನ್ ಹಾಡಿದ ಹಳ್ಳಿಗಾಡಿನ ಧಾಟಿಯ ಪ್ರೇಮಗೀತೆಯೊಂದರ ಮಟ್ಟನ್ನು ಎತ್ತಿಕೊಂಡು, ಮಾಯಾ ಎಂಬ ಗಾಯಕಿಯ ಇಂಪಾದ ಪಲ್ಲವಿ ಮತ್ತು ವೂ-ಟ್ಯಾಂಗ್ ಕ್ಲಾನಿನ ಓಲ್ ಡರ್ಟಿ ಬಾಸ್ಟರ್ಡ್‌ನ ಒರಟು ಚರಣಗಳನ್ನು ಬೆಸೆದ ಹಾಡದು. ಅದನ್ನು ಮೊದಲು ಅಳವಡಿಸಿದ್ದು 'ಬುಲ್‌ವರ್ತ್' ಎಂಬ ಚಿತ್ರದಲ್ಲಿ. ಹಣದ ರಾಜಕಾರಣದಿಂದ ರೋಸಿಹೋದ ಸೆನೆಟರನೊಬ್ಬ ಸತ್ಯವನ್ನು ರ‍್ಯಾಪ್ ಮಾಡತೊಡಗುವ ವ್ಯಂಗ್ಯದ ಕಥೆ ಅದು. ರಾಜಕೀಯ ಪ್ರಜ್ಞೆಯಿರುವ ತಂಡದವನೊಬ್ಬನ ಏಕವ್ಯಕ್ತಿ ಪ್ರವೇಶಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನಾವುದಿತ್ತು?

ಬಾಗಿಲು ತೆರೆದು ಒಳಹೊಕ್ಕವರಿಗೆ ಮನೆ ಬರಿದಾಗಿ ಕಂಡಿತು. ಹಾಡು ಗೆದ್ದಷ್ಟು ಆಲ್ಬಮ್ ಗೆಲ್ಲಲಿಲ್ಲ. ಅಮೆರಿಕದ ಮಾರಾಟಪಟ್ಟಿಯಲ್ಲಿ ಅದು ಮೊದಲ ಐವತ್ತರೊಳಗೂ ಬರಲಿಲ್ಲ. ಮಾರಾಟದ ಸೋಲು ನಮಗೆ ಮುಖ್ಯವಲ್ಲ, ಮಾರಾಟವಾಗದ ಮಹತ್ವದ ಕೃತಿಗಳು ಎಲ್ಲ ಭಾಷೆಗಳಲ್ಲೂ ಇವೆ. ಇಲ್ಲಿನ ಸೋಲು ಕೃತಿಯ ಒಳಗಿನದು. ಜನರಿಗೆ ಮೊದಲೇ ಗೊತ್ತಿರುವ ರಾಗಗಳ ಆಸರೆಯಲ್ಲಿ ಹಾಡುಗಳು ಸಾಗುತ್ತವೆ. ಅತಿಥಿಗಳ ದನಿ ಬಂದಾಗ ಬೆಳಕು ಬರುತ್ತದೆ, ಅವರು ಸರಿದಾಗ ಮಂಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೇಳಬೇಕಾದದ್ದು ಏನು ಎಂಬುದೇ ಆಲ್ಬಮ್ಮಿಗೆ ತಿಳಿದಂತಿಲ್ಲ. ಶೀರ್ಷಿಕೆಯಲ್ಲಿ ಗೆಟೊ ಇದೆ, ಸೂಪರ್‌ಸ್ಟಾರ್ ಇದ್ದಾನೆ. ಮೊದಲನೆಯದು ಎರಡನೆಯದಕ್ಕೆ ಏರುವ ಏಣಿಯಾಗಿದೆ. ಏರಿದ ಮೇಲೆ ಅಲ್ಲಿಂದ ಏನು ಕಾಣುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಆ ಖಾಲಿ ಜಾಗವನ್ನು ತುಂಬಲು ಪ್ರಾಸ್ ಬಳಸಿದ್ದೇನು ಎಂಬುದು ಈ ಬರಹದ ಕೇಂದ್ರ. ಹಾಡುಗಳ ನಡುನಡುವೆ ಪ್ರಸಿದ್ಧರ ದೂರವಾಣಿ ಸಂದೇಶಗಳಿವೆ. ಅಲ್ಲಿ ಕೇಳಿಬರುವ ದನಿಗಳಲ್ಲಿ ನ್ಯೂಯಾರ್ಕಿನ ಕಟ್ಟಡ ವ್ಯಾಪಾರಿ ಡೊನಾಲ್ಡ್ ಟ್ರಂಪ್‌ರದೂ ಒಂದು. ಹುಡುಗ ಮುಂದೆ ಬರುತ್ತಾನೆಂದು ಹರಸುವ ಪುಟ್ಟ ಸಂದೇಶವದು. ಅಂದಿನ ಹಿಪ್‌ಹಾಪಿನಲ್ಲಿ ಟ್ರಂಪ್ ಎಂಬ ಹೆಸರು ಸಿರಿವಂತಿಕೆಗೆ ಪರ್ಯಾಯ ಪದವಾಗಿತ್ತು, ಅದೇ ವರ್ಷ ಮೆಥಡ್ ಮ್ಯಾನ್‌ನ ಆಲ್ಬಮ್ಮಿನಲ್ಲೂ ಆ ದನಿಯಿದೆ. ಆದ್ದರಿಂದ ಇದನ್ನು ಪ್ರಾಸ್ ಒಬ್ಬನ ದೋಷವೆನ್ನಲಾಗದು. ಆದರೂ ನಿರಾಶ್ರಿತರ ಹೆಸರಿನ ತಂಡದಿಂದ ಬಂದವನೊಬ್ಬ ತನ್ನ ಮೊದಲ ಸ್ವಂತ ಕೃತಿಗೆ ಯಾರ ಶಿಫಾರಸು ಪತ್ರ ಲಗತ್ತಿಸಿದ ಎಂಬುದು ನೋಡಬೇಕಾದ ಸಂಗತಿ. 'ದ ಸ್ಕೋರ್' ಯಾರ ಅನುಮತಿಯನ್ನೂ ಕೇಳಿರಲಿಲ್ಲ. 'ಗೆಟೊ ಸೂಪರ್‌ಸ್ಟಾರ್' ದೊಡ್ಡವರ ಬಾಗಿಲಲ್ಲಿ ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಕಾಲ ಇದಕ್ಕೆ ಬರೆದ ಅಡಿಟಿಪ್ಪಣಿ ಕ್ರೂರವಾದುದು. 2024ರ ಸೆಪ್ಟೆಂಬರಿನ ಚುನಾವಣಾ ಚರ್ಚೆಯಲ್ಲಿ ಅದೇ ದನಿ ಒಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ನೆಲೆಸಿದ ಹೈಟಿಯ ವಲಸಿಗರು ಜನರ ಸಾಕುನಾಯಿ, ಬೆಕ್ಕುಗಳನ್ನು ತಿನ್ನುತ್ತಾರೆಂಬ ಸುಳ್ಳನ್ನು ಇಡೀ ದೇಶದ ಮುಂದೆ ಹೇಳಿತು. ಬಲಿಷ್ಠರ ಶುಭಸಂದೇಶ ಒಬ್ಬ ವ್ಯಕ್ತಿಗೆ ಸಲ್ಲುತ್ತದೆಯೇ ಹೊರತು ಅವನ ಜನಕ್ಕೆ ಸಲ್ಲುವುದಿಲ್ಲ.

ತಂಡ ಬಿಟ್ಟು ಒಂಟಿಯಾಗಿ ಹಾಡಿದ್ದೇ ತಪ್ಪೇ? ಖಂಡಿತ ಅಲ್ಲ. ಲಾರಿನ್ ಹಿಲ್‌ಳ ಆಲ್ಬಮ್ ಅವಳ ಸ್ವಂತ ಪ್ರೇಮ, ತಾಯ್ತನ, ಮುನಿಸುಗಳದ್ದು. ಆದರೆ ಅದರ ಹೆಸರು 1933ರಲ್ಲಿ ಕಾರ್ಟರ್ ವುಡ್‌ಸನ್ ಕಪ್ಪು ಜನರ ಶಿಕ್ಷಣದ ಬಗ್ಗೆ ಬರೆದ ಗ್ರಂಥವನ್ನು ನೆನಪಿಸುತ್ತದೆ, ಹಾಡುಗಳ ನಡುವೆ ಮಕ್ಕಳು ಮಾತಾಡುವ ತರಗತಿಯಿದೆ. ವೈಕ್ಲೆಫ್‌ನ ಆಲ್ಬಮ್ಮಿನಲ್ಲಿ ಕ್ರಿಯೋಲ್ ಭಾಷೆಯ ಹಾಡುಗಳಿವೆ, ಒಂದರ ಹೆಸರು 'ಜಾಸ್ಪೊರಾ', ಅಂದರೆ ಹೊರನಾಡಿಗರು. ಅಮೆರಿಕದ ಮಾರುಕಟ್ಟೆಯಲ್ಲಿ ಗೆದ್ದವನೊಬ್ಬ ಆ ಮಾರುಕಟ್ಟೆಗೆ ಅರ್ಥವಾಗದ ತಾಯ್ನುಡಿಯಲ್ಲಿ ತನ್ನವರೊಡನೆ ಮಾತಾಡಿದ. ಮೂರೂ ಆಲ್ಬಮ್ಮುಗಳು 'ನಾನು' ಎನ್ನುತ್ತವೆ. ಮೊದಲೆರಡರಲ್ಲಿ ಆ ನಾನು ಎಂಬುದರ ಸುತ್ತ ಜನರಿದ್ದಾರೆ, ಮೂರನೆಯದರಲ್ಲಿ ಪರಿಚಯಸ್ಥರಿದ್ದಾರೆ. ಮೇಲೆ ಹೆಸರಿಸಿದ 'ಹೊಲೆಮಾದಿಗರ ಹಾಡು' ಕೂಡ ಒಬ್ಬನೇ ಕವಿಯ ಪುಸ್ತಕ. ಅದರ ಹಾಡುಗಳು ಸಭೆ, ಮೆರವಣಿಗೆಗಳಲ್ಲಿ ಸಾವಿರ ಬಾಯಿಗಳಿಗೆ ಹಂಚಿಹೋದವು.

ಇಲ್ಲೊಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕು. ಕಪ್ಪು ಕಲಾವಿದನಿಂದ, ವಲಸಿಗರ ಮಗನಿಂದ ನಾವು ಸದಾ ಪ್ರತಿಭಟನೆಯನ್ನೇ ಏಕೆ ಬೇಡಬೇಕು? ಬಿಳಿಯ ಪಾಪ್ ಗಾಯಕ ಬೇಸಿಗೆಯ ಹಗುರ ಹಾಡು ಹಾಡಿದರೆ ಯಾರೂ ಅವನಲ್ಲಿ ಜನಾಂಗದ ಚರಿತ್ರೆ ಹುಡುಕುವುದಿಲ್ಲ. ದುಡ್ಡು, ಮೆರವಣಿಗೆ, ಜಂಬ ಇವೆಲ್ಲ ಹಿಪ್‌ಹಾಪಿನ ಹುಟ್ಟುಗುಣಗಳು. ಕೈಯಲ್ಲಿ ಏನೂ ಇಲ್ಲದವನು ಎಲ್ಲ ಇದ್ದವನಂತೆ ಹಾಡುವುದೇ ಒಂದು ಬಗೆಯ ಬಂಡಾಯ. ಈ ವಾದವನ್ನು ನಾವು ಒಪ್ಪುತ್ತೇವೆ. ಪ್ರಗತಿಪರರು ಕಲೆಯನ್ನು ಕರಪತ್ರದ ಅಳತೆಗೋಲಿನಿಂದ ಅಳೆದು ಮಾಡಿದ ಅನ್ಯಾಯಗಳ ಪಟ್ಟಿ ಉದ್ದವಿದೆ. ಪ್ರಾಸ್ ಕೇವಲ ಕುಣಿಸುವ ಆಲ್ಬಮ್ ಮಾಡಿದ್ದರೆ ನಮ್ಮ ತಕರಾರು ಇರುತ್ತಿರಲಿಲ್ಲ. ಅವನು ಗೆಟೊ ಎಂಬ ಸಾಮೂಹಿಕ ಸಂಕಟದ ಹೆಸರನ್ನು ಬಂಡವಾಳವಾಗಿ ಹೂಡಿದ, ಲಾಭವನ್ನು ಖಾಸಗಿಯಾಗಿ ಬರೆದುಕೊಂಡ. ನಿರಾಶೆ ಹುಟ್ಟುವುದು ಈ ಲೆಕ್ಕದಲ್ಲಿ.

ಮುಂದಿನ ವರ್ಷಗಳಲ್ಲಿ ಕೂಡಿಸುವ ಪ್ರತಿಭೆ ಬೇರೊಂದು ಉದ್ಯೋಗ ಹಿಡಿಯಿತು. 2010ರ ಭೂಕಂಪದ ನಂತರದ ಹೈಟಿಯಲ್ಲಿ ಪ್ರಾಸ್ ಗಾಯಕ ಮಿಶೆಲ್ ಮಾರ್ಟೆಲಿಯನ್ನು ಅಧ್ಯಕ್ಷಗಿರಿಗೆ ಬೆಂಬಲಿಸಿದ. ಅದೇ ಹುದ್ದೆ ಬಯಸಿದ್ದ ಹಳೆಯ ಗೆಳೆಯ ವೈಕ್ಲೆಫ್, ಹೈಟಿಯಲ್ಲಿ ವಾಸವಿಲ್ಲವೆಂಬ ಕಾರಣಕ್ಕೆ ಅನರ್ಹನಾಗಿದ್ದ. ಮಾರ್ಟೆಲಿ 2011ರಲ್ಲಿ ಗೆದ್ದರು. ಆ ಗೆಲುವಿನ ಕಥೆಯನ್ನು ಪ್ರಾಸ್ 2015ರಲ್ಲಿ ಸಾಕ್ಷ್ಯಚಿತ್ರವಾಗಿ ಹೊರತಂದ. 2024ರಲ್ಲಿ ಅಮೆರಿಕದ ಖಜಾನೆ ಇಲಾಖೆ ಮಾದಕವಸ್ತು ಸಾಗಣೆಯ ಆರೋಪದ ಮೇಲೆ ಇದೇ ಮಾರ್ಟೆಲಿಯ ಮೇಲೆ ನಿರ್ಬಂಧ ಹೇರಿತು. ಹೊರನಾಡಿನಲ್ಲಿ ಕುಳಿತು ತಾಯ್ನಾಡಿಗೆ ನಾಯಕನನ್ನು ಆರಿಸುವವರು ಆ ನಾಯಕನ ಆಡಳಿತದಡಿ ಬದುಕಬೇಕಾಗಿಲ್ಲ. ಈ ಸೌಕರ್ಯದ ಬೆಲೆಯನ್ನು ತೆತ್ತವರು ಪೋರ್ಟ್-ಓ-ಪ್ರಿನ್ಸಿನ ಸಾಮಾನ್ಯರು.

ನ್ಯಾಯಾಲಯದ ಮೊಕದ್ದಮೆಯೂ ಪರಿಚಯಸ್ಥರ ಕಥೆಯೇ. ಮಲೇಷಿಯಾದ ಉದ್ಯಮಿ ಜೋ ಲೋ 2012ರಲ್ಲಿ ಅಧ್ಯಕ್ಷ ಒಬಾಮಾ ಜೊತೆ ಒಂದು ಫೋಟೊ ತೆಗೆಸಿಕೊಳ್ಳಲು ಲಕ್ಷಾಂತರ ಡಾಲರ್ ವೆಚ್ಚಕ್ಕೆ ಸಿದ್ಧನಿದ್ದನೆಂದು ಪ್ರಾಸ್ ಸ್ವತಃ ಸಾಕ್ಷ್ಯ ನುಡಿದ. ಆ ಹಣ ಬೇರೆಯವರ ಹೆಸರುಗಳಲ್ಲಿ ಪ್ರಚಾರ ನಿಧಿಗೆ ಸೇರಿತೆಂಬುದು ಸರಕಾರದ ವಾದ. ಮುಂದೆ ಟ್ರಂಪ್ ಆಡಳಿತ ಬಂದಾಗ, ಲೋ ವಿರುದ್ಧದ ತನಿಖೆ ಕೈಬಿಡಿಸಲು ಮತ್ತು ಚೀನಾದ ಭಿನ್ನಮತೀಯನೊಬ್ಬನನ್ನು ಅಲ್ಲಿಗೆ ಮರಳಿಸಲು ಪ್ರಾಸ್ ಓಡಾಡಿದ ಎಂಬುದೂ ಸಾಬೀತಾಯಿತು. ಕಡಲಿನಿಂದ ಹಿಂದಕ್ಕಟ್ಟಲ್ಪಟ್ಟವರ ಹೆಸರಿನಲ್ಲಿ ಹಾಡಿದವನು, ಆಶ್ರಯ ಬಯಸಿ ಬಂದ ಮತ್ತೊಬ್ಬನನ್ನು ಹಿಂದಕ್ಕೆ ಕಳಿಸುವ ಯತ್ನದಲ್ಲಿ ಪಾಲುದಾರನಾದ. ಆ ಭಿನ್ನಮತೀಯ ಎಂಥವನೇ ಇರಲಿ, ಫ್ಯೂಜೀಸ್ ಎಂಬ ಹೆಸರು ಅಲ್ಲಿಗೆ ಸತ್ತಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಇದೇ ಪ್ರಯತ್ನದಲ್ಲಿ ಭಾಗಿಯಾಗಿ ತಪ್ಪೊಪ್ಪಿಕೊಂಡ ರಿಪಬ್ಲಿಕನ್ ಪಕ್ಷದ ನಿಧಿ ಸಂಗ್ರಾಹಕ ಎಲಿಯಟ್ ಬ್ರಾಯ್ಡಿಗೆ 2021ರ ಜನವರಿಯಲ್ಲಿ ಟ್ರಂಪ್ ಕ್ಷಮಾದಾನ ನೀಡಿದರು. ಮಲೇಷಿಯಾದ ನಿಧಿಗೆ ಸಾಲಪತ್ರಗಳ ಮೂಲಕ ಹಣ ಎತ್ತಿಕೊಟ್ಟ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು 2020ರಲ್ಲಿ 290 ಕೋಟಿ ಡಾಲರಿಗೂ ಹೆಚ್ಚು ದಂಡ ಒಪ್ಪಿಕೊಂಡು ವ್ಯವಹಾರ ಮುಂದುವರಿಸಿತು. ಅದರ ಇಬ್ಬರು ಮಾಜಿ ಬ್ಯಾಂಕರುಗಳಿಗೆ ಶಿಕ್ಷೆಯಾಯಿತು, ಮೇಲಿನವರಾರಿಗೂ ಸೆರೆವಾಸವಾಗಲಿಲ್ಲ. ಶಿಕ್ಷೆ ಪ್ರಕಟವಾದಾಗಲೂ ಜೋ ಲೋ ತಲೆಮರೆಸಿಕೊಂಡೇ ಇದ್ದ. ಕಪ್ಪು ಗಾಯಕನಿಗೆ ಮಾತ್ರ 14 ವರ್ಷ. ಅವನು ನಿರಪರಾಧಿ ಎಂದು ನಾವು ಹೇಳುತ್ತಿಲ್ಲ. ಅಪರಾಧ ಒಂದೇ ಮೇಜಿನ ಸುತ್ತ ನಡೆದರೂ ಮೇಜಿನಿಂದ ಎದ್ದು ಹೋಗುವ ಬಾಗಿಲುಗಳು ಬೇರೆಬೇರೆ ಎನ್ನುತ್ತಿದ್ದೇವೆ. ಶಿಫಾರಸುಗಳ ಲೋಕದಲ್ಲಿ ಹೊರಗಿನಿಂದ ಬಂದವನು ಎಷ್ಟು ಮೇಲೇರಿದರೂ ಬೀಳುವಾಗ ಹೊರಗಿನವನೇ.

ಈಗ ನಮ್ಮ ಕಡೆ ನೋಡಿಕೊಳ್ಳೋಣ. ಕನ್ನಡದ ವಲಸಿಗರಲ್ಲಿ ಬಹುಪಾಲು ಜನ ದೋಣಿಯಲ್ಲಿ ಬಂದವರಲ್ಲ. ಪದವಿ, ವೀಸಾ, ಹಲವರ ವಿಷಯದಲ್ಲಿ ಜಾತಿಯು ತಲೆಮಾರುಗಳಿಂದ ಕೂಡಿಸಿಕೊಟ್ಟ ಅನುಕೂಲಗಳನ್ನು ಕೈಯಲ್ಲಿ ಹಿಡಿದು ವಿಮಾನ ಇಳಿದವರು. ವರ್ಣಭೇದ ನಮ್ಮನ್ನು ಮುಟ್ಟಿದಾಗ 'ನಾವೂ ವಲಸಿಗರು' ಎನ್ನುತ್ತೇವೆ. ಹೈಟಿಯವರ, ಮೆಕ್ಸಿಕೊದವರ ಮಾತು ಬಂದಾಗ 'ನಾವು ಕಾನೂನುಬದ್ಧವಾಗಿ ಬಂದವರು' ಎಂದು ದನಿ ತಗ್ಗಿಸುತ್ತೇವೆ. 2019ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಕ್ರೀಡಾಂಗಣದಲ್ಲಿ ಟ್ರಂಪ್ ಮತ್ತು ಮೋದಿ ಕೈಹಿಡಿದು ನಡೆದಾಗ ಸುಮಾರು ಐವತ್ತು ಸಾವಿರ ಭಾರತೀಯ ಮೂಲದವರು ಜಯಘೋಷ ಮಾಡಿದರು. ಅದು ಕೂಡ ಒಂದು ಶುಭಸಂದೇಶವೆಂದು ಎಣಿಸಿದವರು ಅವರಲ್ಲಿ ಅನೇಕರಿದ್ದರು. ಆ ಕ್ರೀಡಾಂಗಣದಲ್ಲಿ ಹೈಟಿಯವರ ನೆನಪು ಯಾರಿಗೂ ಬಂದಿರಲಾರದು.

ಇಷ್ಟು ದೊಡ್ಡ ಉದಾಹರಣೆಯೂ ಬೇಕಿಲ್ಲ. ನಮ್ಮ ಕೂಟಗಳ, ಸಮ್ಮೇಳನಗಳ ಯಾವ ಸ್ಮರಣ ಸಂಚಿಕೆಯನ್ನಾದರೂ ತೆರೆಯಿರಿ. ಮೊದಲ ಹತ್ತಿಪ್ಪತ್ತು ಪುಟಗಳು ಸಂದೇಶಗಳಿಗೆ ಮೀಸಲು. ಮುಖ್ಯಮಂತ್ರಿಗಳದ್ದು, ಸಚಿವರದ್ದು, ಮಠಾಧೀಶರದ್ದು, ಇಲ್ಲಿನ ಮೇಯರರದ್ದು, ಪ್ರಾಯೋಜಕರದ್ದು, ಎಲ್ಲವೂ ಭಾವಚಿತ್ರ ಸಹಿತ. ಅದಾದ ಮೇಲೆ ವೇದಿಕೆಯಲ್ಲಿ ಶಾಲು ಹೊದಿಸುವ ಸಾಲು, ಊಟದ ಹೊತ್ತಿಗೆ ಗಣ್ಯರ ಜೊತೆ ಫೋಟೊ. ಅತಿಥಿಯಾಗಿ ಬಂದ ರಾಜಕಾರಣಿಯನ್ನು ಕರ್ನಾಟಕದ ಬರ, ಶಾಲೆಗಳ ಮುಚ್ಚುಗಡೆ, ಮರ್ಯಾದೆಗೇಡು ಹತ್ಯೆಗಳ ಬಗ್ಗೆ ಪ್ರಶ್ನಿಸುವುದು ಅತಿಥಿ ಸತ್ಕಾರಕ್ಕೆ ಭಂಗವೆನಿಸುತ್ತದೆ. ಕಥೆ, ಕವಿತೆ, ಮಕ್ಕಳ ಬರಹಗಳಿಗೆ ಹೊತ್ತಿಗೆಯ ಹಿಂಭಾಗದಲ್ಲಿ ಜಾಗ ಸಿಗುತ್ತದೆ. ನಾವು ಪ್ರತಿ ಎರಡು ವರ್ಷಕ್ಕೊಮ್ಮೆ ಹೊರತರುವುದು ಒಂದು 'ಗೆಟೊ ಸೂಪರ್‌ಸ್ಟಾರ್' ಅಲ್ಲವೇ ಎಂದು ಕೇಳಿಕೊಳ್ಳುವ ಹೊತ್ತು ಬಂದಿದೆ. ಕನ್ನಡ ಎಂಬುದು ಲಕ್ಷಾಂತರ ಜನರ ಸಾಮೂಹಿಕ ಗಳಿಕೆ. ಅದನ್ನು ಹೂಡಿ ನಾವು ಪಡೆಯುತ್ತಿರುವುದು ಯಾರ ಪರಿಚಯ?

ಸ್ಥಾನಮಾನದ ಹಸಿವನ್ನು ನಾವು ಹೀಗಳೆಯುವುದಿಲ್ಲ. ಪರನಾಡಿನಲ್ಲಿ ಗುರುತಿಲ್ಲದೆ ಬದುಕುವವನಿಗೆ ಬೆನ್ನು ತಟ್ಟುವ ಕೈ ಬೇಕೆನಿಸುವುದು ಸಹಜ. ಪ್ರಾಸ್‌ಗೆ ಬೇಕಾಗಿದ್ದೂ ಅದೇ ಇರಬೇಕು. ಎಲ್ಲರೂ 'ಉಳಿದವನು' ಎಂದದ್ದಕ್ಕೆ, ಎಲ್ಲರಿಗಿಂತ ದೊಡ್ಡವರಿಂದ ಅವನು ಉತ್ತರ ಕೊಡಿಸಲು ಹೊರಟ. ಆದರೆ ಅವನ ಉತ್ತರ ಅವನಲ್ಲೇ ಇತ್ತು. ಹಿಮ್ಮೇಳವೂ ಒಂದು ಕಲೆ, ಜನರನ್ನು ಕೂಡಿಸುವುದೂ ಒಂದು ಕಾಯಕ. ಹೈಟಿಯ ದೋಣಿಗಳಿಂದ ಇಳಿದವರ ದನಿಗಳನ್ನು ಆ ಖಾಲಿ ಜಾಗಗಳಲ್ಲಿ ಕೂಡಿಸಿದ್ದರೆ ಆ ಆಲ್ಬಮ್ ಬೇರೆಯೇ ಆಗುತ್ತಿತ್ತು. ಅವು ದೂರವಾಣಿಯ ಒಂದು ಕರೆಯಷ್ಟೇ ದೂರದಲ್ಲಿದ್ದವು.

ಆದ್ದರಿಂದ ನಮ್ಮ ಕೋರಿಕೆ ಚಿಕ್ಕದು. ಮುಂದಿನ ಸ್ಮರಣ ಸಂಚಿಕೆಯ ಮೊದಲ ಪುಟಗಳನ್ನು ಕೊಲ್ಲಿಯ ಕಾರ್ಮಿಕರ ವಸತಿಯಲ್ಲಿ ಹತ್ತು ಜನರೊಡನೆ ಕೋಣೆ ಹಂಚಿಕೊಂಡಿರುವ ಕನ್ನಡಿಗನಿಗೆ ಕೊಡಿ. ರಾತ್ರಿ ಪಾಳಿಯ ಶುಶ್ರೂಷಕಿಗೆ, ವೀಸಾ ಮುಗಿಯುವ ಭಯದಲ್ಲಿ ಟ್ಯಾಕ್ಸಿ ಓಡಿಸುವವನಿಗೆ, ಜಾತಿಯ ಕಾರಣಕ್ಕೆ ಕೂಟದಿಂದಲೇ ದೂರ ಉಳಿದ ಎಂಜಿನಿಯರಿಗೆ ಕೊಡಿ. ಅವರು ಏನು ಬರೆಯುತ್ತಾರೋ ಹಾಗೆಯೇ ಅಚ್ಚು ಹಾಕಿ. ಗಣ್ಯರ ಸಂದೇಶಗಳು ಹಿಂದಿನ ಪುಟಗಳಲ್ಲಿ ಇರಲಿ, ಜಾಗ ಉಳಿದರೆ.